ಆಂಟಿಯ ಕೊನೆಯ ಸ್ನಾನ

ನಮ್ಮ ಎದುರು ಫ್ಲಾಟಿನ ಪಾರ್ಸಿ ಆಂಟಿ ತೀರಿಕೊಂಡು ಎರಡು ತಿಂಗಳಾಯಿತು. ತೊಂಬತ್ತು ದಾಟಿತ್ತು. ಸಿಕ್ಕವರೆಲ್ಲ "ತುಂಬು ಜೀವನ ಬಿಡಿ" ಅನ್ನುತ್ತಾರೆ. ಹೌದು ಹೌದು ಎಂದು ತಲೆಯಾಡಿಸಿ ಸಾಕಾಗಿದೆ. ನನಗಿರುವುದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು.

ನಾನು ಹಲಸೂರಿನವಳು. ಮದುವೆಯಾಗಿ ಕಾಕ್ಸ್ ಟೌನಿಗೆ ಬಂದಾಗ ಆಂಟಿ ಪಕ್ಕದ ಹೆಂಚಿನ ಮನೆಯಲ್ಲಿದ್ದರು. ಆ ಮನೆ ಕೆಡವಿ ಫ್ಲಾಟುಗಳು ಎದ್ದ ಮೇಲೆ ಎದುರುಬದುರು ಬಾಗಿಲಿನವರಾದೆವು. ಅವರು ಮದುವೆಯಾಗಿರಲಿಲ್ಲ. ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿದ್ದರು. ಆದರೆ ಅವರು ಬದುಕಿದ್ದು ಬೇರೊಂದು ಕೆಲಸಕ್ಕೆ. ಅವರ ಜನರಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೊದಲ ಫೋನ್ ಆಂಟಿಗೆ. ಪಾಠ ಅರ್ಧಕ್ಕೇ ಬಿಟ್ಟು ಹೊರಟುಬಿಡುತ್ತಿದ್ದರು. ಶವಕ್ಕೆ ಸ್ನಾನ ಮಾಡಿಸಿ, ಬಿಳಿಯ ಬಟ್ಟೆ ತೊಡಿಸಿ, ಸೊಂಟಕ್ಕೆ ಉಣ್ಣೆಯ ಪವಿತ್ರ ದಾರ ಸುತ್ತಿ, ಪುರೋಹಿತರಿಗೆ ಒಪ್ಪಿಸುವವರೆಗೆ ಅವರೇ. ಸುಮಾರು ಐವತ್ತು ವರ್ಷ ಇದನ್ನು ಮಾಡಿದರು.

ಮನೆಗೆ ಬಂದು ಸ್ನಾನ ಮುಗಿಸಿ, ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಎಲ್ಲವನ್ನೂ ಹೇಳುತ್ತಿದ್ದರು. ಸೆಟೆದ ಬೆರಳನ್ನು ಹೇಗೆ ಬಿಡಿಸಬೇಕು, ತೋಳನ್ನು ಅಂಗಿಗೆ ಹೇಗೆ ತೂರಿಸಬೇಕು. ಮೊದಮೊದಲು ನಾನು ಕಾಫಿ ಲೋಟ ಕೆಳಗಿಟ್ಟುಬಿಡುತ್ತಿದ್ದೆ. ಆಮೇಲೆ ರೂಢಿಯಾಯಿತು.

"ಯಾರಿಗಾದ್ರೂ ಕಲಿಸಿ ಆಂಟಿ" ಅಂತ ಎಷ್ಟೋ ಸಲ ಹೇಳಿದ್ದೆ.

"ಕರೀತಾನೇ ಇರ್ತೀನಿ ಡಿಕ್ರಿ. ಬನ್ನಿ ಅಂದ್ರೆ ಎಲ್ಲಾರ್ಗೂ ಮೀಟಿಂಗ್ ಇರುತ್ತೆ."

ಡಿಕ್ರಿ ಎಂದರೆ ಅವರ ಗುಜರಾತಿಯಲ್ಲಿ ಮಗಳು.

ಕೊನೆಯ ಏಳು ತಿಂಗಳು ಅವರಿಗೆ ಸ್ನಾನ ಮಾಡಿಸಿದವಳು ನಾನೇ. ಆಗಲೂ ಅಗ್ನಿ ದೇವಾಲಯಕ್ಕೆ ಹೋಗಲೇಬೇಕೆಂದು ಹಟ. ಆಟೋದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಬೇರೆ ಧರ್ಮದವರಿಗೆ ಒಳಗೆ ಪ್ರವೇಶವಿಲ್ಲ. ಗೇಟಿನ ಹತ್ತಿರ ನನ್ನ ಕೈ ಬಿಡಿಸಿಕೊಂಡು, ಗೋಡೆ ಹಿಡಿದುಕೊಂಡು ಒಬ್ಬರೇ ಹೋಗುತ್ತಿದ್ದರು. ಬೀಳುತ್ತಾರೇನೋ ಎಂದು ನಾನು ಹೊರಗೆ ನಿಂತು ಜೀವ ಕೈಯಲ್ಲಿ ಹಿಡಿದಿರುತ್ತಿದ್ದೆ.

ಒಂದು ದಿನ ಬೆನ್ನು ಒರೆಸುವಾಗ ಅಂದರು, "ನಾನು ಹೋದ್ಮೇಲೆ ನೀನು ಮುಟ್ಬಾರ್ದು. ನಮ್ಮೋರೇ ಮಾಡ್ಬೇಕು."

"ಈಗ ಮುಟ್ತಾ ಇಲ್ವಾ?"

"ಈಗ ನಾನಿದೀನಿ. ಆಮೇಲೆ ರೂಲ್ ಇದೆ."

"ಬಾಯಿ ತುಂಬ ಡಿಕ್ರಿ ಅಂತೀರಲ್ಲ. ಅದಕ್ಕೇನೂ ಬೆಲೆ ಇಲ್ವಾ?"

ಟವಲ್ಲನ್ನು ಬಕೆಟ್ಟಿಗೆ ಎಸೆದೆ. ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ, ಗಂಜಿ ಆರಿಸಿಕೊಂಡು ನಾನು ಒಳಗೆ ಹೋಗುವಷ್ಟರಲ್ಲಿ. ಅವರ ಜನರಿಗೆ ನಾನೇ ಫೋನ್ ಮಾಡಿದೆ. ಸ್ನಾನ ಮಾಡಿಸಲು ಇಬ್ಬರು ಹೆಂಗಸರು ಬಂದರು. ಒಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಇನ್ನೊಬ್ಬಳು ಅವಳ ತಂಗಿ. "ಸಾರಿ ಮೇಡಂ, ನೀವು ಸ್ವಲ್ಪ ಹೊರಗಿರ್ಬೇಕು" ಎಂದು ಅಕ್ಕ ಬಾಗಿಲು ಹಾಕಿಕೊಂಡಳು. ನಾನು ಹಾಲ್‌ನಲ್ಲಿ ಸ್ಟೂಲಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳುಕುವ ದನಿ ಬಂತು. "ಮೇಡಂ, ಇದೀರಾ? ಬಟ್ಟೆ ಎಲ್ಲಿ ಇಟ್ಟಿದಾರೆ?"

"ಬೀರುವಿನ ಕೆಳಗಿನ ಖಾನೇಲಿ. ಹೊಸದು ತೆಗೀಬೇಡಿ. ಒಗೆದು ಮೆತ್ತಗಾಗಿರೋದೇ ಆಗ್ಬೇಕು."

ಮತ್ತೆ ದನಿ. "ತೋಳು ಬಗ್ತಾ ಇಲ್ಲ. ಏನ್ಮಾಡೋದು?"

"ಭುಜದ ಹತ್ರ ನಿಧಾನಕ್ಕೆ ತಿಕ್ಕಿ. ಬಲಗೈ ಮೊದ್ಲು ತೂರ್ಸಿ. ಜಾಸ್ತಿ ಎತ್ಬೇಡಿ, ನೋವಾಗುತ್ತೆ."

ಹೇಳಿದ ಮೇಲೆ ನನಗೇ ಗೊತ್ತಾಯಿತು ಏನು ಹೇಳಿದೆನೆಂದು. ಹಾಗೆಯೇ ಒಂದೊಂದನ್ನೂ ಕೇಳಿದರು, ನಾನು ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಹೇಳುತ್ತ ಹೋದೆ. ಒಂದು ಸಲವಂತೂ ಬಾಗಿಲು ದಬ್ಬಿ ನುಗ್ಗಿಬಿಡೋಣ ಎಂದು ಎದ್ದು ನಿಂತಿದ್ದೆ. ಚಿಲಕ ಹಾಕಿರಲಿಲ್ಲ. ಆಂಟಿಯ ಮಾತು ಅಡ್ಡ ಬಂತು. ಹಲ್ಲು ಕಚ್ಚಿಕೊಂಡು ಕೂತೆ.

ಆಮೇಲೆ ಒಂದು ಸಂಜೆ ಶ್ರದ್ಧಾಂಜಲಿ ಸಭೆ ನಡೆಯಿತು. ಅವರ ಸಮಾಜದ ಅಧ್ಯಕ್ಷರು ಆಂಟಿಯ ಸೇವೆಯನ್ನು ಬಾಯ್ತುಂಬ ಹೊಗಳಿದರು. ಇಷ್ಟು ವರ್ಷ ಅವರನ್ನು ಒಬ್ಬಂಟಿಯಾಗಿ ದುಡಿಯಲು ಬಿಟ್ಟಿದ್ದರ ಬಗ್ಗೆ ಒಂದು ಮಾತೂ ಇಲ್ಲ.

ಕಳೆದ ಭಾನುವಾರ ಬ್ಯಾಂಕಿನವಳು ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದಳು. "ಆಂಟಿ ನಿಮಗೆ ಹೇಳಿದ್ದೆಲ್ಲ ಬರ್ಕೋಬೇಕು ಮೇಡಂ. ನಮ್ಮಲ್ಲಿ ಪೂರ್ತಿ ಗೊತ್ತಿರೋರು ಯಾರೂ ಉಳಿದಿಲ್ಲ."

"ಅವರಿದ್ದಾಗ ಒಂದಿನ ಬರೋಕಾಗ್ಲಿಲ್ವಾ?" ಎಂದೆ. ಮೆತ್ತಗೆ ಕೇಳಬಹುದಿತ್ತು, ಕೇಳಲಿಲ್ಲ.

ಅವಳು ಪೆನ್ನಿನ ಕ್ಯಾಪ್ ತಿರುಗಿಸುತ್ತ ಕೂತಳು. "ಕರೀತಾನೇ ಇದ್ರು. ನಾನೇ ಫೋನ್ ಎತ್ತಿಲ್ಲ."

ಅವಳ ಕಣ್ಣು ತುಂಬಿತ್ತು. ಸಮಾಧಾನ ಹೇಳಲು ನನಗೆ ಮನಸ್ಸು ಬರಲಿಲ್ಲ. "ಬರ್ಕೊಳ್ಳಿ" ಎಂದು ನೀರು ಎಷ್ಟು ಬಿಸಿಯಿರಬೇಕೆಂಬಲ್ಲಿಂದ ಶುರುಮಾಡಿದೆ. ಮಂತ್ರಗಳ ಹತ್ತಿರ ಬಂದಾಗ ನಿಲ್ಲಿಸಬೇಕಾಯಿತು. ಅವು ನನಗೆ ಗೊತ್ತಿರಲಿಲ್ಲ. ಅವುಗಳನ್ನು ಮಾತ್ರ ಆಂಟಿ ನನಗೆ ಹೇಳಿರಲಿಲ್ಲ.