ಬಸವೇಶ್ವರಿಯ ಒಂಟಿ ಗ್ಯಾಲಕ್ಸಿ

ಬಸವೇಶ್ವರಿಗೆ ಒಂದೆಡೆ ಕಾಲು ನಿಲ್ಲುತ್ತಿರಲಿಲ್ಲ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಅಫಜಲಪುರದ ಕಾಲೇಜಿನಲ್ಲಿ ಪಾಠ ಹೇಳಿದಳು, ಬೇಸತ್ತು ಜೇವರ್ಗಿಗೆ ಹೋದಳು, ಅದನ್ನೂ ಬಿಟ್ಟು ಆಳಂದದಲ್ಲಿ ಗಂಡನ ಮನೆ ಸೇರಿದಳು. ಗಂಡ ಸುನೀಲಕುಮಾರನಿಗೆ ತೊಗರಿ ವ್ಯಾಪಾರ.

ಅಲ್ಲಿ ಅವಳಿಗೆ ಹೊಸ ಹುಚ್ಚು ಹಿಡಿಯಿತು. ಗ್ಯಾಲಕ್ಸಿಗಳ ನಕಾಶೆ ಬರೆಯುವ ದೊಡ್ಡ ಸಮೀಕ್ಷೆಯೊಂದಕ್ಕೆ ಮನೆಯಿಂದಲೇ, ಇಂಟರ್ನೆಟ್ಟಿನಲ್ಲಿ, ಸ್ವಯಂಸೇವಕಿಯಾದಳು. ಗ್ಯಾಲಕ್ಸಿ ದೂರವಿದ್ದಷ್ಟೂ, ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಗೆರೆಗಳು ಕೆಂಪಿನತ್ತ ಹೆಚ್ಚು ಜರುಗಿರುತ್ತವೆ. ಎಷ್ಟು ಜರುಗಿವೆ ಎಂದು ಅಳೆದರೆ ದೂರ ಸಿಗುತ್ತದೆ. ಕಂಪ್ಯೂಟರಿನ ಅಳತೆ ಅನುಮಾನ ಹುಟ್ಟಿಸಿದರೆ ಮನುಷ್ಯರು ಕಣ್ಣಿಟ್ಟು ನೋಡಬೇಕು. ಅದೇ ಅವಳ ಕೆಲಸ.

ಒಂದು ಸಂಜೆ ಅವಳು ಒಂದು ಗ್ಯಾಲಕ್ಸಿಗೆ ಕಂಪ್ಯೂಟರು ಕೊಟ್ಟ ಅಳತೆ ತಪ್ಪೆಂದು ಸಮೀಕ್ಷೆಯವರಿಗೆ ಬರೆದಳು. ಅವಳ ಲೆಕ್ಕದಲ್ಲಿ ಆ ಗ್ಯಾಲಕ್ಸಿ ನಕಾಶೆಯ ಬಟಾಬಯಲಿನ ನಟ್ಟನಡುವೆ ಬಂದು ಕೂತಿತ್ತು.

"ಅತ್ತಿ, ಸುತ್ತ ಯಾರೂ ಇಲ್ಲದ ಜಾಗದಾಗ ಒಂದೇ ಒಂದು ಅದರಿ! ನಾನೇ ಹುಡುಕೇನ್ರಿ!"

ಅತ್ತೆ ಸುಭದ್ರಾಬಾಯಿ ರೊಟ್ಟಿ ಬಡಿಯುವುದು ನಿಲ್ಲಿಸಿದರು. "ಪಾಪ, ಒಂದೇ ಏನ್ ಮಾಡ್ತದಬೇ ಅಲ್ಲಿ? ಖರೇನೇ ನೋಡೀಯೇನು?"

ಅಷ್ಟರಲ್ಲಿ ಅವಳು ಗೆಳತಿಯರಿಗೆಲ್ಲ ಫೋನ್ ಹಚ್ಚಿಯಾಗಿತ್ತು. ಮುಂದೆ ಊಟ ಸೇರಲಿಲ್ಲ. ಸಮೀಕ್ಷೆಯವರ ಉತ್ತರ ಬಂತೇ ಎಂದು ಗಳಿಗೆಗೊಮ್ಮೆ ನೋಡುವುದೇ ಆಯಿತು. ಅಮಾವಾಸ್ಯೆಗೆ ಅತ್ತೆಯ ಜೊತೆ ಘತ್ತರಗಿಯ ದೇವಿ ಗುಡಿಗೆ ಹೋದಾಗಲೂ ಸರತಿಯಲ್ಲಿ ನಿಂತು ನೆಟ್‌ವರ್ಕಿಗಾಗಿ ಫೋನು ಮೇಲೆತ್ತಿ ಹಿಡಿದಳು.

"ದೇವಿ ಕಡಿ ನೋಡಬೇ!" ಎಂದು ಅತ್ತೆ ಗದರಿದರು.

ಮರಳುವಾಗ ಬಸ್ಸಿನಲ್ಲಿ ಉತ್ತರ ಬಂತು. ಅವಳು ಹಿಡಿದ ಗೆರೆ ಗ್ಯಾಲಕ್ಸಿಯದ್ದೇ ಅಲ್ಲ, ನಮ್ಮದೇ ಭೂಮಿಯ ಗಾಳಿ ಇರುಳಲ್ಲಿ ಸೂಸುವ ಮಂದ ಬೆಳಕಿನದು. ಕಂಪ್ಯೂಟರೇ ಸರಿ. ಆ ಗ್ಯಾಲಕ್ಸಿ ಇದ್ದದ್ದು ನೂರಾರು ಗ್ಯಾಲಕ್ಸಿಗಳ ಗುಂಪಿನಲ್ಲಿ.

"ಹೋಗಲಿ ಬಿಡು, ಯಾರಿಗಿ ಗೊತ್ತಾಗ್ತದ?" ಎಂದ ಗಂಡ, ಮನೆಗೆ ಬಂದ ಮೇಲೆ.

"ನನಗ ಗೊತ್ತದಲ್ರಿ. ಹಿಂದ ಇನ್ನೆಷ್ಟು ಹಿಂಗೇ ಮಾಡೇನೋ ಏನೋ!"

ಕೂತರೆ ಏಳಬೇಕು, ಎದ್ದರೆ ಕೂರಬೇಕು ಎನ್ನುವಂತಾಯಿತು. ಗೆಳತಿಯರಿಗೆ ಮತ್ತೆ ಫೋನ್ ಮಾಡಿ ತಪ್ಪಾಯಿತೆಂದು ಹೇಳಿದಳು. ಒಬ್ಬಳು ನಕ್ಕಳು. ಹಿಂದೆ ತೀರ್ಪು ಕೊಟ್ಟದ್ದನ್ನೆಲ್ಲ ತಾನೇ ಇನ್ನೊಮ್ಮೆ ನೋಡಲು ಬಿಡಿರೆಂದು ಸಮೀಕ್ಷೆಯವರನ್ನು ಕೇಳಿಕೊಂಡಳು. ಅವರು ಒಪ್ಪಿದರು.

ಹಾಗೆ ನೋಡುತ್ತ ಹೋದಾಗ ಅದೇ ತಪ್ಪು ಇನ್ನೂ ಕೆಲವು ಕಡೆ ಸಿಕ್ಕಿತು. ಒಂದೊಂದನ್ನೇ ತಿದ್ದಿದಳು. ಒಂದು ಗ್ಯಾಲಕ್ಸಿಯ ಲೆಕ್ಕ ಮಾತ್ರ ಯಾವ ಕಡೆಗೂ ವಾಲಲಿಲ್ಲ. ಗೆರೆ ಇದೆಯೆಂದರೆ ಇತ್ತು, ಇಲ್ಲವೆಂದರೆ ಇಲ್ಲ. ಕೊನೆಗೆ, ಇಷ್ಟು ದಿನ ಮುಟ್ಟದೇ ಇದ್ದ 'ಹೇಳಲಾಗದು' ಎಂಬ ಗುಂಡಿ ಒತ್ತಿದಳು. ಸಮಾಧಾನವೇನೂ ಆಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಿರಬಿರನೆ ನಡೆದು, ಮನೆಗೆ ಮರಳಿ, ಮುಂದಿನ ಗ್ಯಾಲಕ್ಸಿಯನ್ನು ತೆರೆದಳು.