ಎರಕದಲ್ಲಿ ಬಾರದ ಕೈ

ಅವರಿಗೆ ಹುಬ್ಬುಗಳೇ ಇರಲಿಲ್ಲ. ಲೋಹ ಕರಗಿಸುವ ಮೂಸೆಯ ಮುಂದೆ ವರ್ಷಗಟ್ಟಲೆ ಕೂತು, ಅದರ ಝಳಕ್ಕೆ ಎಂದೋ ಸುಟ್ಟುಹೋಗಿದ್ದವು. ಮತ್ತೆ ಹುಟ್ಟುವ ಉಮೇದನ್ನೂ ತೋರಿಸಲಿಲ್ಲ. ಹುಬ್ಬಿಲ್ಲದ ಮುಖ ಸದಾ ಬೆಚ್ಚಿಬಿದ್ದ ಹಾಗೆ ಕಾಣುತ್ತದೆ. ನಮ್ಮ ಆಚಾರ್ರ ವಿಷಯದಲ್ಲಿ ಕಾಣುವುದಷ್ಟೇ ಅಲ್ಲ, ಅವರು ನಿಜವಾಗಿಯೂ ಮಾತೆತ್ತಿದರೆ ಬೆಚ್ಚಿಬೀಳುತ್ತಿದ್ದರು. ಅಷ್ಟು ಪುಕ್ಕಲು ಗಂಡಸನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆನೆಗೆ ಹೆದರುವುದು ಬಿಡಿ, ಮಸಿನಗುಡಿಯಲ್ಲಿ ಆನೆಗೆ ಹೆದರದವನು ಬಹಳ ದಿನ ಬದುಕುವುದಿಲ್ಲ. ಇವರು ಗುಡುಗಿಗೆ ಹೆದರುತ್ತಿದ್ದರು, ಕಪ್ಪು ಬೆಕ್ಕಿಗೆ ಹೆದರುತ್ತಿದ್ದರು, ಸೀಗೂರು ಘಾಟಿಯ ತಿರುವುಗಳಿಗೆ ಹೆದರಿ ಒಮ್ಮೆಯೂ ಊಟಿ ನೋಡದೆ ಉಳಿದರು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅತ್ತೆಗೆ ಹೆದರುತ್ತಿದ್ದರು. ಹಿತ್ತಿಲ ಪೊದೆಯ ಕಡೆ ಹೋಗಬೇಕಾದರೆ ಮೂರು ಸಲ ಚಪ್ಪಾಳೆ ತಟ್ಟಿ, "ಯಾರಪ್ಪಾ ಅಲ್ಲಿ? ಒಳ್ಳೇವ್ರಾದ್ರೆ ಕೆಮ್ಮಿ!" ಎಂದು ಕೂಗುತ್ತಿದ್ದರು. ಯಾರೂ ಕೆಮ್ಮದಿದ್ದರೆ ಅವತ್ತು ಹೋಗುವುದೇ ಇಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ಕೆಮ್ಮಿ ಅವರನ್ನು ಎಷ್ಟೋ ಸಲ ಪೊದೆಗೆ ಕಳಿಸಿದ್ದೇನೆ.

ಅವರು ನಾಗಮಂಗಲದ ಕಡೆಯ ಎರಕದವರು. ನಮ್ಮ ಬಜಾರಿಗೆ ಮಾರಮ್ಮನ ಪಂಚಲೋಹದ ಮೂರ್ತಿ ಮಾಡಿಕೊಡಲು ಬಂದಿದ್ದರು. ಕರೆಸಿದ್ದು ನಮ್ಮ ಮಾವ. ಮಾವ ಗುಂಡ್ಲುಪೇಟೆಯಿಂದ ಬಂದು ಇಲ್ಲಿ ರಾಗಿ, ಉಪ್ಪು, ಬಟ್ಟೆಯ ಅಂಗಡಿ ಇಟ್ಟವರು, ಗುಡಿಯ ಯಜಮಾನರೂ ಹೌದು. ಆ ಬೇಸಿಗೆಯಲ್ಲಿ ಬಜಾರಿಗೆಲ್ಲ ಸಿಡುಬು ಬಿದ್ದಿತ್ತು. ಮನೆಮನೆಯ ಬಾಗಿಲಲ್ಲಿ ಬೇವಿನ ಸೊಪ್ಪು. ನನ್ನ ಒಂದೂವರೆ ವರ್ಷದ ಮಗಳೂ ಆಗಲೇ ಹೋದಳು. ಅವಳು ಹೋದ ಮೇಲೆ ಅತ್ತೆ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. "ಇವಳ ಕೈಗುಣ ಸರಿಯಿಲ್ಲ" ಎಂದು ಒಂದೇ ಮಾತು ಹೇಳಿದರು. ಅಂದಿನಿಂದ ನಾನು ಕುದಿಸಿದ ಹಾಲು ಒಡೆದರೂ, ನಾನು ಮೇವು ಹಾಕಿದ ಹಸು ಕಾಲು ಝಾಡಿಸಿದರೂ ಎಲ್ಲರ ಕಣ್ಣು ನನ್ನ ಕೈಯ ಮೇಲೆ. ಇನ್ನೊಂದು ಏನಾದರೂ ಆದರೆ ತವರಿಗೆ ಗಾಡಿ ಹತ್ತಿಸುತ್ತಾರೆಂದು ನನಗೆ ಗೊತ್ತಿತ್ತು. ತವರಿನಲ್ಲಿ ಅಣ್ಣಂದಿರಿದ್ದರು, ಜಾಗ ಇರಲಿಲ್ಲ.

ಆಚಾರ್ರಿಗೆ ನಮ್ಮ ಹಿತ್ತಿಲ ಕೊಟ್ಟಿಗೆಯನ್ನು ಬಿಟ್ಟುಕೊಟ್ಟಿದ್ದರು. ಮೇಣ ತಂದುಕೊಟ್ಟವನು ಮೋಯಾರಿನ ಕಮರಿಯಲ್ಲಿ ಹಗ್ಗಕ್ಕೆ ಜೋತುಬಿದ್ದು ಹೆಜ್ಜೇನು ಕೀಳುವ ಕಾಡಿನ ಕುರುಬರವನು, ನಮ್ಮ ಅಂಗಡಿಗೆ ಜೇನು ಹಾಕುತ್ತಿದ್ದವನೇ. ಆ ಮೇಣಕ್ಕೆ ರಾಳ, ಎಣ್ಣೆ ಬೆರೆಸಿ ಕಾಯಿಸಿ, ಆಚಾರ್ರು ಮೊಳದೆತ್ತರದ ಅಮ್ಮನನ್ನು ತಿದ್ದತೊಡಗಿದರು. ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದಾಗ ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಹೆಂಗಸರು ಒಳಗೆ ಕಾಲಿಡಬಾರದು, ಮುಟ್ಟಬಾರದು ಎಂದು ಅತ್ತೆಯ ಕಟ್ಟಪ್ಪಣೆ.

ಮೇಣ ಕೈಗೆ ಬಂದರೆ ಆ ಮನುಷ್ಯ ಬೇರೆಯೇ. ಬೆರಳು ನಡುಗುತ್ತಿರಲಿಲ್ಲ, ದನಿಯೂ ನಡುಗುತ್ತಿರಲಿಲ್ಲ. ಒಂದು ದಿನ ನಾನು ಕೇಳದೆಯೇ ಹೇಳಿದರು. "ನೋಡವ್ವ, ಹಿಂದಿನ ಎರಡು ಕೈ. ಒಂದ್ರಲ್ಲಿ ಶೂಲ, ಅದು ಕೆಟ್ಟದ್ದ ಚುಚ್ಚಕ್ಕೆ. ಒಂದ್ರಲ್ಲಿ ಡಮರು, ಅದು ಮಲಗಿರೋರ್ನ ಎಬ್ಬಿಸಕ್ಕೆ. ಮುಂದಿನ ಎಡಗೈಲಿ ಬಟ್ಟಲು. ನಾವು ಕೊಟ್ಟುದ್ದ ಇಸ್ಕಳಕ್ಕೆ. ಈ ಬಲಗೈ ಅದೆಯಲ್ಲ, ಇದ್ರಲ್ಲಿ ಏನೂ ಇಲ್ಲ."

"ಯಾಕೆ ಆಚಾರ್ರೇ?"

"ಇದು ಅಭಯದ ಕೈ. ಹೆದರಬ್ಯಾಡ ಅನ್ನೋ ಕೈ. ಕತ್ತಿ ಹಿಡ್ಕಂಡು ಹೆದರಬ್ಯಾಡ ಅಂದ್ರೆ ಯಾರು ನಂಬ್ತಾರೆ? ಅಭಯ ಕೊಡೋ ಕೈ ಖಾಲಿ ಇರಬೇಕು ಕಣವ್ವ."

ಅಷ್ಟು ಹೇಳಿ, ಸೂರಿನಿಂದ ಹಲ್ಲಿ ಬಿದ್ದದ್ದಕ್ಕೆ ಬೆಚ್ಚಿ ಬಾಗಿಲಾಚೆ ಹಾರಿದರು. ಮಗಳು ಹೋದ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು.

ಮೇಣದ ಅಮ್ಮನ ಮೇಲೆ ಹುತ್ತದ ಮಣ್ಣನ್ನು ಪದರ ಪದರವಾಗಿ ಬಳಿದು ನೆರಳಲ್ಲಿ ಒಣಗಿಸಿದರು. ಕೊನೆಗೆ ಅಮ್ಮ ಕಾಣದಾಗಿ, ದೊಡ್ಡದೊಂದು ಮಣ್ಣಿನ ಮುದ್ದೆ ಕೊಟ್ಟಿಗೆಯಲ್ಲಿ ಒರಗಿ ಕೂತಿತ್ತು. ಎರಕಕ್ಕೆ ಬಜಾರಿನ ಪ್ರತಿ ಮನೆಯೂ ತಾಮ್ರ, ಹಿತ್ತಾಳೆ ಕೊಟ್ಟಿತು. ಹೆಂಗಸರು ಮೂಗುತಿ, ಕಾಲುಂಗುರ ಕೊಟ್ಟರು. ನಾನು ಮಗಳ ಕಾಲಿನ ಬೆಳ್ಳಿ ಗೆಜ್ಜೆ ಕೊಟ್ಟೆ. ಅಮ್ಮನ ಮೈಯಲ್ಲಾದರೂ ಅದು ಉಳಿಯಲಿ ಎಂದು ನನ್ನ ಆಸೆ.

ಎರಕದ ಹಿಂದಿನ ದಿನ ಅತ್ತೆ, "ನಾಳೆ ಪೂಜೆ, ಇವತ್ತೊಂದಿನ ಒಳಗೆ ಹೋಗಿ ಕೊಟ್ಟಿಗೆ ನೆಲ ಸಾರಿಸು. ಮುದ್ದೆ ಹತ್ರ ಹೋಗಬೇಡ" ಎಂದರು. ಆಚಾರ್ರು ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ನಾನು ಸೆಗಣಿ, ಮಣ್ಣು ಕಲಸಿಕೊಂಡು ನೆಲ ಸಾರಿಸುತ್ತ ಸಾರಿಸುತ್ತ ಮುದ್ದೆಯ ಬಳಿಗೇ ಬಂದೆ. ಅದರ ಬಲಭಾಗದ ಮೇಲ್ತುದಿಯಲ್ಲಿ, ಹುಲ್ಲುಕಡ್ಡಿ ಗಾತ್ರದ ಒಂದು ತೂತು. ತೂತಿನೊಳಗೆ ಹಳದಿ ಮೇಣ ಇಣುಕುತ್ತಿತ್ತು. ಅದು ಅಭಯದ ಕೈ ಇರುವ ಕಡೆ ಎಂದು ನನಗೆ ಗೊತ್ತಿತ್ತು. ಮಣ್ಣು ಉದುರಿ ಅಮ್ಮನ ಕೈ ಹೊರಗೆ ಬಂದಿದೆ ಎಂದುಕೊಂಡೆ. ಒಲೆಯಲ್ಲಿ ಬಿರುಕು ಕಂಡರೆ, ಗೋಡೆಯಲ್ಲಿ ತೂತು ಕಂಡರೆ, ಸಾರಿಸುವ ಕೈ ಕೇಳಿಕೊಂಡು ಹೋಗುವುದಿಲ್ಲ, ಅದೇ ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಲಗಿದ ಮಗುವಿನ ಕೈ ಹೊದಿಕೆಯಿಂದ ಆಚೆ ಬಂದರೆ ಯಾವ ತಾಯಿ ಸುಮ್ಮನಿರುತ್ತಾಳೆ? ನಾಲ್ಕು ಬೆರಳಲ್ಲಿ ಮಣ್ಣೆತ್ತಿ ಬಳಿದೆ. ಚೆನ್ನಾಗಿ ಬಳಿದೆ. ಆ ಕೆಲಸದಲ್ಲಿ ನನ್ನ ಕೈಗುಣಕ್ಕೆ ಯಾರೂ ಹೆಸರಿಡುವಂತಿರಲಿಲ್ಲ.

ಲೋಹ ಒಳಗೆ ಇಳಿಯುವಾಗ ಗಾಳಿ ಹೊರಗೆ ಹೋಗಲು ದಾರಿ ಬೇಕು, ಆ ದಾರಿಯೇ ಆ ತೂತು ಎಂದು ನನಗೆ ಯಾರು ಹೇಳಿದ್ದರು?

ಮರುದಿನ ಬೆಳಿಗ್ಗೆ ಬೆಂಕಿಯಲ್ಲಿ ಮೇಣ ಕರಗಿಸಿ ಹರಿಸಿ, ಮುದ್ದೆಯನ್ನು ಗುಂಡಿಯಲ್ಲಿ ನಿಲ್ಲಿಸಿ, ಕಾದ ಲೋಹ ಹೊಯ್ದರು. ಮಸಿ ಹಿಡಿದ ಮುದ್ದೆಯಲ್ಲಿ ನಾನು ಬಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅದರ ಮರುದಿನ ಇಡೀ ಬಜಾರಿನ ಎದುರಿಗೆ ಮಣ್ಣು ಒಡೆದರು. ಮೊದಲು ಪಾದ ಬಂತು. ಮೊಣಕಾಲು ಬಂತು. ಬಟ್ಟಲಿನ ಕೈ, ಶೂಲ, ಡಮರು ಎಲ್ಲ ಬಂದವು. ಮುಖ ಬಂದಾಗ ಹೆಂಗಸರೆಲ್ಲ ಕೈಮುಗಿದೆವು. ಆಮೇಲೆ ಬಲತೋಳು ಬಂತು, ಮಣಿಕಟ್ಟಿನವರೆಗೆ. ಅಲ್ಲಿಂದಾಚೆ ಏನೂ ಇರಲಿಲ್ಲ.

  ಅತ್ತೆ ಎದೆ ಬಡಿದುಕೊಂಡು, "ಅಯ್ಯೋ, ಅಮ್ಮ ಅಭಯ ಕೊಡಲಾರೆ ಅಂದುಬಿಟ್ಲಲ್ಲೋ!" ಎಂದು ಕಿರುಚಿದರು. ಮಕ್ಕಳನ್ನು ಹೆಂಗಸರು ಸೆರಗಿನೊಳಗೆ ಎಳೆದುಕೊಂಡರು. ಗಂಡಸರ ಗುಂಪಿನಿಂದ ಒಂದು ದನಿ, "ಮೇಣ ತಂದೋನು ಯಾರು?" ಎಂದಿತು.

ಎಲ್ಲರೂ ಹುಣಸೆಮರದ ಕಡೆ ತಿರುಗಿದರು. ಜೇನಿನವನು ತಾನು ತಂದ ಮೇಣ ಅಮ್ಮನಾಗಿದ್ದನ್ನು ನೋಡಲು ಹೆಂಡತಿಯೊಂದಿಗೆ ಬಂದು ಅಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಕಾಡಿನವರು ಮಾಟ ಮಾಡುತ್ತಾರೆಂಬ ಗುಸುಗುಸು ಬಜಾರಿನಲ್ಲಿ ಮೊದಲಿಂದ ಇದ್ದೇ ಇತ್ತು. ಅವನ ಜೇನು ನೆಕ್ಕುವಾಗ ಯಾರಿಗೂ ಅದರ ನೆನಪಿರುತ್ತಿರಲಿಲ್ಲ, ಆ ಮಾತು ಬೇರೆ.

"ಮೇಣಕ್ಕೆ ಮಾಟ ಮಾಡವ್ನೆ! ಹಿಡ್ಕಳ್ರೋ!" ಎಂದವರು ನಮ್ಮ ಮಾವನೇ. ಗಾಡಿಯ ಗೂಟ, ಬಡಿಗೆ, ಕೈಗೆ ಸಿಕ್ಕಿದ್ದು ಹಿಡಿದು ಗಂಡಸರು ನುಗ್ಗಿದರು. ಜೇನಿನವನ ಹೆಂಡತಿ ಅವನ ಮೇಲೆ ಬಿದ್ದು ತಬ್ಬಿಕೊಂಡಳು. ಅವನನ್ನು ಕೊಂದುಬಿಡುತ್ತಾರೆಂದು ನನಗೆ ಖಚಿತವಾಗಿತ್ತು.

ಆಚಾರ್ರ ಕೈಯಲ್ಲಿ ಆಗ ಒಂದು ಸುಟ್ಟ ಮಣ್ಣಿನ ಚೂರಿತ್ತು, ಅಭಯದ ಕೈಯ ಕಡೆಯದು. ಅದರ ಮೇಲೆ ಅರ್ಧ ಕಮಾನಿನಂತೆ ನಾಲ್ಕು ಬೆರಳಿನ ಗೀರು. ನೆಲ ಸಾರಿಸುವ ಹೆಂಗಸಿನ ಕೈ ಬಿಟ್ಟರೆ ಬೇರೆ ಯಾವ ಕೈಗೂ ಆ ಗೀರು ಬರುವುದಿಲ್ಲ. ನಾನು ನೋಡಿದೊಡನೆ ನನಗೆ ಎಲ್ಲ ತಿಳಿಯಿತು. ಅವರು ತಲೆಯೆತ್ತಿ ಹೆಂಗಸರ ಸಾಲನ್ನು ನೋಡಿದರು. ಎಲ್ಲರ ಕೈ ಬಾಯಿಯ ಮೇಲಿತ್ತು. ನನ್ನ ಕೈ ಮಾತ್ರ ಸೆರಗಿನೊಳಗೆ ಅಡಗಿತ್ತು. ಅವರ ಕಣ್ಣು ನನ್ನ ಹತ್ತಿರ ಬಂದು ನಿಂತಿತು.

ಹೇಳಬೇಕಾಗಿತ್ತು. ನಾನು ಎಂಬ ಎರಡಕ್ಷರ ಸಾಕಿತ್ತು. ನಾನು ಕೈಯನ್ನು ಸೆರಗಿನೊಳಗೆ ಇನ್ನೂ ಒಳಕ್ಕೆ ತಳ್ಳಿದೆ. ತವರಿಗೆ ಕಳಿಸುವುದು ಈಗ ದೂರದ ಮಾತು. ಅಮ್ಮನ ಕೈ ಕಡಿದವಳನ್ನು ಈ ಬಡಿಗೆಗಳು ಸೊಸೆ ಎಂದು ಬಿಡುತ್ತವೆಯೇ?

ಆಚಾರ್ರು ಆ ಚೂರನ್ನು ಕಾಲಕೆಳಗೆ ಹಾಕಿ ಅರೆದರು. ಆಮೇಲೆ, ಹಲ್ಲಿಗೆ ಹೆದರುವ ಆ ಮನುಷ್ಯ, ಓಡಿಹೋಗಿ ಜೇನಿನವನ ಮುಂದೆ ಎರಡೂ ಕೈ ಚಾಚಿ ನಿಂತರು. ಕೈಯಲ್ಲಿ ಉಳಿಯಿಲ್ಲ, ಸುತ್ತಿಗೆಯಿಲ್ಲ.

"ಹೊಡೀಬ್ಯಾಡಿ! ಮೇಣ ಚೊಕ್ಕಟವಾಗಿತ್ತು. ತಪ್ಪು ನಂದು."

"ಏನ್ ತಪ್ಪಯ್ಯ ನಿಂದು?" ಎಂದರು ಮಾವ.

ಗಾಳಿ, ತೂತು, ಲೋಹ ಎಂದರೆ ಆ ಹೊತ್ತಿನಲ್ಲಿ ಯಾರ ಕಿವಿಗೂ ಇಳಿಯುತ್ತಿರಲಿಲ್ಲ. ಆ ಗುಂಪಿಗೆ ಬೇಕಾಗಿದ್ದದ್ದು ಒಂದು ಪಾಪ. ಆಚಾರ್ರು ಕೊಟ್ಟರು. "ಎರಕದೋನು ಮೂರು ದಿನ ವ್ರತ ಇರಬೇಕು. ನಾನು ಕೆಡಿಸ್ಕಂಡೆ. ಮೊನ್ನೆ ಸಂಜೆ ಸಾರಾಯಿ ಕುಡಿದೆ."

ಜನ್ಮದಲ್ಲಿ ಸಾರಾಯಿ ಮುಟ್ಟಿದವರಲ್ಲ. ಆ ಮೂರು ದಿನ ಅವರು ಮಜ್ಜಿಗೆಯನ್ನೂ ಕುಡಿಯದೆ ವಾಪಸು ಕಳಿಸಿದ್ದು ನನಗೆ ಗೊತ್ತಿತ್ತು. ನಾನೇ ಒಯ್ದವಳು, ನಾನೇ ತಂದವಳು.

ಬಡಿಗೆಗಳು ನಿಂತವು, ಚಪ್ಪಲಿಗಳು ಎದ್ದವು. ಮಾವನದೇ ಮೊದಲ ಏಟು. ಆಚಾರ್ರ ಜನಿವಾರ ಕಿತ್ತರು. ಗುಡಿಯ ಬೀದಿ ತುಳಿಯಕೂಡದು, ಇನ್ನು ಜನ್ಮದಲ್ಲಿ ದೇವರ ಎರಕ ಹಾಕಕೂಡದು ಎಂದು ತೀರ್ಮಾನ ಮಾಡಿದರು. ಜೇನಿನವನು ಹೆಂಡತಿಯ ಕೈ ಹಿಡಿದು ಕಾಡಿನ ಕಡೆ ಓಡಿದ. ಕೈಯಿಲ್ಲದ ಅಮ್ಮನನ್ನು ಮೋಯಾರಿನ ಕಮರಿಗೆ ಬಿಟ್ಟರು. ನನ್ನ ಮಗಳ ಗೆಜ್ಜೆಯೂ ಅಲ್ಲಿಗೇ ಹೋಯಿತು. ಆಮೇಲೆ ಮೈಸೂರಿನ ಕಡೆಯಿಂದ ಬೇರೆ ಮೂರ್ತಿ ತರಿಸಿದರು.

ಸುದ್ದಿ ನಾಗಮಂಗಲಕ್ಕೆ ಅವರಿಗಿಂತ ಮೊದಲೇ ತಲುಪಿತು. ಕುಲದವರು ಸೇರಿಸಲಿಲ್ಲ. ಆಚಾರ್ರು ಮರಳಿ ಬಂದು ಬಜಾರಿನ ಕೊನೆಯಲ್ಲಿ ಒಂದು ಗುಡಿಸಲು ಹಾಕಿಕೊಂಡು, ತೂತಾದ ಬಿಂದಿಗೆಗೆ ಬೆಸುಗೆ ಹಾಕುತ್ತ, ದನದ ಕೊರಳಿನ ಗಂಟೆ ಎರೆಯುತ್ತ ಉಳಿದರು. ಜೇನಿನವನು ಆಗಾಗ ಅವರ ಬಾಗಿಲಿಗೆ ಒಂದು ಸೋರೆಬುರುಡೆ ಜೇನು ಇಟ್ಟು ಮಾತಾಡದೆ ಹೋಗುತ್ತಿದ್ದ.

ನಾನು ಅಲ್ಲಿಗೆ ಹೋಗಲು ಒಂದು ವರ್ಷ ತೆಗೆದುಕೊಂಡೆ. ಸೋರುವ ಬಿಂದಿಗೆಯ ನೆವ. "ಆಚಾರ್ರೇ, ಆ ಮಣ್ಣು ಬಳಿದದ್ದು..." ಎಂದು ತೊದಲಿದೆ.

"ಯಾವ ಮಣ್ಣು? ಬಿಂದಿಗೆ ಎಲ್ಲಿ ಸೋರ್ತದೆ ತೋರ್ಸವ್ವ."

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವರು ಬೆಸುಗೆ ಮುಗಿಸಿ, "ಭಯ ಆಗಿತ್ತಾ ಅವತ್ತು?" ಎಂದು ಕೇಳಿದರು.

"ಬಹಳ."

"ನಂಗೂ ಆಗಿತ್ತು ಕಣವ್ವ. ಪಂಚೆ ಒದ್ದೆ ಆಗೋಗಿತ್ತು. ನೀನು ನೋಡ್ನಿಲ್ವಾ?"

ಅದನ್ನು ಅವರು ತಮಾಷೆಗೆ ಹೇಳಲಿಲ್ಲ. ಬಿಂದಿಗೆಗೆ ನೀರು ಹೊಯ್ದು ಎತ್ತಿ ನೋಡಿ, ಸೋರುವುದಿಲ್ಲ ಎಂದು ನನ್ನ ಕೈಗೆ ಕೊಟ್ಟರು. "ಎಲ್ಲರ ಮುಂದೆ ಹೇಳ್ತೀನಿ ಆಚಾರ್ರೇ" ಎಂದೆ. "ಹೇಳೀಯಂತೆ, ಧೈರ್ಯ ಬಂದಾಗ" ಎಂದರು. ಧೈರ್ಯ ನಾಳೆ ಬರುತ್ತದೆ, ಹಬ್ಬ ಕಳೆದ ಮೇಲೆ ಬರುತ್ತದೆ, ಮಾವ ಹೋದ ಮೇಲೆ ಬರುತ್ತದೆ ಎಂದುಕೊಳ್ಳುತ್ತ ನನ್ನ ತಲೆಗೂದಲು ನರೆಯಿತು. ಅಷ್ಟರಲ್ಲಿ ನನಗೆ ಇಬ್ಬರು ಗಂಡುಮಕ್ಕಳಾದರು, ಕೈಗುಣದ ಮಾತು ನಿಂತಿತು, ಮನೆಯ ಬೀಗದಕೈ ನನ್ನ ಸೊಂಟಕ್ಕೆ ಬಂತು. ಭಯ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಘಾಟಿಯ ದಾರಿಯಲ್ಲಿ ಬಿಳಿ ದೊರೆಗಳ ಕಾರುಗಳು ಓಡಾಡತೊಡಗಿದ ಕಾಲಕ್ಕೆ ಆಚಾರ್ರು ಚಳಿಜ್ವರದಲ್ಲಿ ತೀರಿಕೊಂಡರು. ಹೊರಲು ನಾಲ್ಕು ಜನ ಸಿಕ್ಕಿದ್ದೇ ಹೆಚ್ಚು. ಬೆಂಕಿಯ ಮಡಕೆ ಹಿಡಿದವನು ಆ ಜೇನಿನವನು, ಅವನಿಗೂ ವಯಸ್ಸಾಗಿತ್ತು. ಸುಡುಗಾಡಿಗೆ ಹತ್ತಿರದ ದಾರಿ ಗುಡಿಯ ಬೀದಿ. ಚಟ್ಟ ಅಲ್ಲಿಗೆ ಬಂದಾಗ ಬಜಾರಿನವರು ಅಡ್ಡ ನಿಂತರು. ಅವರ ಮುಂದೆ ಈಗ ಯಜಮಾನರಾಗಿದ್ದ ನನ್ನ ಗಂಡ.

"ಕುಡಿದು ಅಮ್ಮನ ಕೈ ಕೆಡಿಸಿದೋನು. ಈ ಬೀದಿಲಿ ಬೇಡ, ಹಳ್ಳದ ಮೇಲೆ ಬಳಸ್ಕಂಡು ಹೋಗಿ."

ನಾನು ಜಗಲಿಯಿಂದ ಇಳಿದೆ. ಭಯ ಅವತ್ತಿನಷ್ಟೇ ಇತ್ತು. ಬೀದಿಯ ನಡುವೆ ನಿಂತು ಕೂಗಿ ಹೇಳಿದೆ: "ಅವರು ಕುಡಿದಿರಲಿಲ್ಲ. ಗಾಳಿ ಹೋಗೋ ತೂತನ್ನ ಮುಚ್ಚಿದ್ದು ನಾನು. ಈ ಕೈಲಿ."

ಕೈ ಎತ್ತಿ ತೋರಿಸಿದೆ.

ಬಡಿಗೆ ಏಳುತ್ತದೆ ಎಂದುಕೊಂಡೆ. ಯಾರೂ ಸಿಟ್ಟಾಗಲಿಲ್ಲ. ಒಬ್ಬಿಬ್ಬರು ಹೆಂಗಸರು 'ಪಾಪ' ಎಂದರು. ನನ್ನ ಗಂಡ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸತ್ತೋರ ಮೇಲೆ ಕನಿಕರ ಇರಲಿ ಕಣೆ. ಅದಕ್ಕೆ ಅಂತ ಅಮ್ಮನ ಗುಡಿ ಮುಂದೆ ಸುಳ್ಳು ಹೇಳ್ತಾರಾ? ಅವನೇ ಬಾಯಿಬಿಟ್ಟು ಒಪ್ಕಂಡಿದ್ದನಲ್ಲ" ಎಂದರು.

ಚಟ್ಟ ಹಳ್ಳದ ಮೇಲೆ ಬಳಸಿಕೊಂಡು ಹೋಯಿತು. ನಾನೂ ಹೆಂಗಸರು ಹೋಗಬಹುದಾದಷ್ಟು ದೂರ ಅದರ ಹಿಂದೆ ಹೋದೆ. ಈಗ ಗುಡಿಯ ಬೀದಿಯಲ್ಲಿ ನಾನು ಓಡಾಡುವುದಿಲ್ಲ. ನೀರಿಗೆ ಹೋಗುವಾಗಲೂ ಆ ಬಳಸುದಾರಿಯಲ್ಲೇ ಹೋಗುತ್ತೇನೆ. ಪೊದೆ ದಟ್ಟವಾಗಿರುವ ಕಡೆ ಮೂರು ಸಲ ಚಪ್ಪಾಳೆ ತಟ್ಟುತ್ತೇನೆ.