ತಾತನ ಸಿಮೆಂಟಿನ ಗೋಡೆ

ನನ್ನ ತಾತ ನೆಸ್ಟರ್ ದುಚಾಕ್ ಅವರಿಗೆ ನಮ್ಮೂರಿನ ಬೀಟ್‌ರೂಟ್ ಕಂಡರೆ ಆಗುತ್ತಿರಲಿಲ್ಲ. ತಿನ್ನುವ ಬೀಟ್‌ರೂಟಲ್ಲ, ಹೆದ್ದಾರಿಯ ಪಕ್ಕದಲ್ಲಿ ಮೂರಾಳೆತ್ತರಕ್ಕೆ ನಿಲ್ಲಿಸಿರುವ ಫೈಬರಿನದು. ಅದರ ಮುಂದೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರನ್ನು ನೋಡಿದರೆ ಮುಖ ತಿರುಗಿಸುತ್ತಿದ್ದರು.

ಆ ಜುಲೈನಲ್ಲಿ ಅವರ ಅಕ್ಕ ಡೋಕಿಯಾಜ್ಜಿ ವಿನ್ನಿಪೆಗ್‌ನಿಂದ ಬಂದರು. ಇಬ್ಬರನ್ನೂ ಕೂರಿಸಿಕೊಂಡು ಕಾರು ಓಡಿಸುತ್ತಿದ್ದವಳು ನಾನು. ಬೀಟ್‌ರೂಟಿನ ಹತ್ತಿರ ತಾತನೇ "ನಿಲ್ಸು, ನಿಲ್ಸು" ಎಂದರು.

"ಅಕ್ಕ, ಬಾ, ಆ ಎಲೆ ಕೆಳಗೆ ನಿಂತ್ಕೋ. ಫೋಟೊ ತೆಗೀತಾಳೆ."

"ಲೋ, ಹೋದ್ಸಲ ಇದನ್ನ ಊರಿಗೆ ಎದ್ದಿರೋ ಬೊಕ್ಕೆ ಅಂದಿದ್ದೆ. ಈಗೇನು ಪ್ರೀತಿ ಉಕ್ತು?"

ಯಾಕೆಂದು ನನಗೆ ಗೊತ್ತಿತ್ತು. ನಾವು ಹೊರಟಿದ್ದು ಅವರಿಬ್ಬರೂ ಹುಟ್ಟಿದ ಮನೆಗೆ. ಅವರ ಅಜ್ಜ ಉಕ್ರೇನಿನಿಂದ ಸಾಸ್ಕಾಚೆವಾನ್‌ನ ಈ ಬಯಲಿಗೆ ಬಂದು ದಿಮ್ಮಿಗಳಲ್ಲಿ ಕಟ್ಟಿದ ಆ ಮನೆ ಈಗ ಮ್ಯೂಸಿಯಂ. ನೋಡಿಕೊಳ್ಳುವವರು ತಾತ. ಪ್ರತಿ ವರ್ಷ ಹಿಮ ಕರಗಿದ ಮೇಲೆ ಜೇಡಿಮಣ್ಣು, ಹುಲ್ಲು, ಕುದುರೆ ಲದ್ದಿಯನ್ನು ಬರಿಗಾಲಲ್ಲಿ ತುಳಿದು, ಗೋಡೆಯ ಬಿರುಕಿಗೆ ಮೆತ್ತಿ, ಸುಣ್ಣ ಬಳಿಯಬೇಕು. ಆರು ವರ್ಷದ ಹಿಂದೆ ತಾತ ಮಣ್ಣನ್ನೆಲ್ಲ ಕೆರೆದು ಸಿಮೆಂಟು ಹಾಕಿಬಿಟ್ಟಿದ್ದರು. ಅಕ್ಕನಿಗೆ ಹೇಳಿರಲಿಲ್ಲ. ಅಮ್ಮನ ಗೋಡೆಗೆ ಇನ್ನೊಂದು ಸಲ ಕೈಯಾರೆ ಮಣ್ಣು ಮೆತ್ತಬೇಕೆಂದೇ ಆ ಅಕ್ಕ ಈ ಸಲ ಬಂದಿದ್ದರು.

ಮುಂದಿನ ಊರಿನ ಕಾಂಕ್ರೀಟ್ ಹೆಬ್ಬಾತಿನ ಬಳಿಯೂ ತಾತ ಇಳಿದರು. ಎದುರಿನ ಅಂಗಡಿಯಲ್ಲಿ ಗಸಗಸೆ ರೊಟ್ಟಿ ಕೊಂಡು ಅರ್ಧ ಗಂಟೆ ಅಗಿದರು.

"ಅಕ್ಕ, ಒಂದ್ ಮಾತು..."

"ಹೇಳೋ."

ತಾತ ಮೇಲೆ ನೋಡಿದರು. "ಕೊಕ್ಕಿಗೆ ಹೊಸ ಬಣ್ಣ ಹೊಡ್ದಿದಾರೆ."

"ಅದಕ್ಕೆ ಇಷ್ಟು ಉಗುಳು ನುಂಗಬೇಕಾ? ಎಂಬತ್ನಾಲ್ಕನೇ ವಯಸ್ಸಲ್ಲಿ ನಾನು ಬಾತಿಗೆ ಮುತ್ತು ಕೊಡಬೇಕೇನೋ? ನಡಿ."

ಮನೆ ತಲುಪಿದ ಮೇಲೆ ಡೋಕಿಯಾಜ್ಜಿ ಒಳಗೆ ಹೋಗಲಿಲ್ಲ. ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ಗೋಡೆ ಸವರಿದರು, ಕೈಯನ್ನು ಮೂಸಿದರು. ಮಣ್ಣಿನ ಗೋಡೆ ಒದ್ದೆಯಾದರೆ ವಾಸನೆ ಬಿಡುತ್ತದೆ. ಇದು ಬಿಡಲಿಲ್ಲ. ಕಿಟಕಿಯ ಮೂಲೆಯಲ್ಲಿ ಸಿಮೆಂಟು ಚಕ್ಕೆಯೆದ್ದು ದಿಮ್ಮಿ ಕಾಣುತ್ತಿತ್ತು. ಅಲ್ಲಿ ಒತ್ತಿದರು. ತೇವ ಹೊರಹೋಗಲಾರದೆ ಕೊಳೆತಿದ್ದ ಮರದೊಳಗೆ ಬೆರಳು ಗೆಣ್ಣಿನವರೆಗೂ ಇಳಿಯಿತು. ತಾತ ತಮ್ಮ ಬೂಟುಗಳನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಒಂದು ಕಾರು ಬಂತು. ಗಂಡ ಹೆಂಡತಿ, ಪ್ರವಾಸ ಹೊರಟವರು. ಬಾಗಿಲ ಪಕ್ಕದ ಬೋರ್ಡನ್ನು ಹೆಂಗಸು ಗಟ್ಟಿಯಾಗಿ ಓದಿದಳು: 'ವಲಸೆ ಬಂದವರು ತುಳಿದು ಮೆತ್ತಿದ ಮಣ್ಣು.' ಎಲ್ಲ ಗೊತ್ತಿದ್ದೂ ಅದನ್ನು ಬರೆದವಳು ನಾನು. ಅಕ್ಷರ ಓರೆಯಾಗದಂತೆ ಸ್ಕೇಲು ಇಟ್ಟು ಬರೆದಿದ್ದೆ.

"ಅಜ್ಜಿ, ಇದು ನಿಜವಾಗ್ಲೂ ಹಳೇ ಮಣ್ಣೇನಾ?"

"ಹೌದಮ್ಮ, ನಮ್ಮಮ್ಮ ಮೆತ್ತಿದ್ದು," ಎಂದರು ಡೋಕಿಯಾಜ್ಜಿ, ತಮ್ಮನ ಕಡೆ ನೋಡದೆ.

ತಾತನ ಕಿವಿ ಕೆಂಪಾಯಿತು. "ಅಲ್ಲ. ಸಿಮೆಂಟು. ನಾನೇ ಹಾಕಿದ್ದು."

"ಅಯ್ಯೋ, ಯಾಕೆ?"

"ನಾನು ಲದ್ದಿ ತುಳೀತಿದ್ರೆ ನಿಮ್ಮಂಥೋರು ಕಾರು ನಿಲ್ಸಿ ಫೋಟೊ ತೆಗೀತಿದ್ರು. ಸ್ಕೂಲಲ್ಲಿ ನಮ್ಮನ್ನ ಲದ್ದಿಮನೆಯೋರು ಅಂತಿದ್ರು. ಈ ವಯಸ್ಸಲ್ಲೂ ಅದೇ ನಾಚಿಕೆ ಬಂತು."

ಆ ಗಂಡ ಹೆಂಡತಿ ಫೋಟೊ ತೆಗೆಯದೆ ಹೊರಟುಹೋದರು.

"ಗೋಡೆ ಹಾಳಾಗ್ಲಿ," ಎಂದರು ಡೋಕಿಯಾಜ್ಜಿ. "ಆರು ವರ್ಷ ನಾನು ಫೋನ್ ಮಾಡ್ದಾಗೆಲ್ಲ 'ಅಮ್ಮನ ಗೋಡೆ ಗಟ್ಟಿಯಾಗಿದೆ' ಅಂದ್ಯಲ್ಲೋ. ನಾನು ನಂಬಿ ನಿದ್ದೆ ಮಾಡ್ತಿದ್ದೆ."

ತಾತ ಬೋರ್ಡನ್ನು ಕಿತ್ತು ನನ್ನ ಕೈಗೆ ಕೊಟ್ಟರು.

"ಸಿಮೆಂಟು ಅಂತ ಬರಿ. ಹಾಕಿದೋನ ಹೆಸರೂ ಬರಿ."

ಶೆಡ್ಡಿನಿಂದ ಬಣ್ಣದ ಡಬ್ಬಿ ತಂದು, ಹಳೆಯ ಸಾಲನ್ನು ಅಳಿಸಿ, ನೆಸ್ಟರ್ ದುಚಾಕ್ ಎಂದು ಬರೆದೆ. ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಸುಳ್ಳು ಬೋರ್ಡು ಬರೆದವಳ ಹೆಸರು ಹಾಕೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.